ಹಗ್ಗ ಕೊಡಬಾರದಿತ್ತು

ಅಂಕಲಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಸುಗಂಧಾಳಿಗೆ ಸಕ್ಕುಬಾಯಿಯನ್ನು ಕಂಡರೆ ಹೊಟ್ಟೆಕಿಚ್ಚು ಎಂದೇ ಹೇಳುತ್ತಾರೆ. ಹೇಳಲಿ. ಸುಳ್ಳೇನಲ್ಲ. ನನ್ನ ಆಡಿನ ಮರಿ ಅವಳ ಅಂಗಳದಲ್ಲಿ ದುಂಡಗೆ ಬೆಳೆಯುತ್ತಿರುವಾಗ, ನನ್ನ ಆಡು ನನ್ನ ಅಂಗಳದಲ್ಲಿ ಪಕ್ಕೆಲುಬು ತೋರಿಸಿಕೊಂಡು ನಿಂತಿದ್ದರೆ ನಾನೇನು ಅವಳಿಗೆ ಆರತಿ ಎತ್ತಬೇಕಿತ್ತೇ? ನನಗೆ ಉರಿಯಿತು. ಈಗಲೂ ಉರಿಯುತ್ತದೆ.

ಮಹಾಪೂರ ಬಂದ ವರ್ಷ ಕೃಷ್ಣೆಯ ನೀರು ನಮ್ಮ ಓಣಿಗೂ ಬಂತು, ಅವರ ಓಣಿಗೂ ಹೋಯಿತು. ನಾವು ಬುದ್ಧವಿಹಾರದ ಹಿಂದಿನ ಓಣಿಯವರು. ಬೇರೆಯವರ ಹೊಲದಲ್ಲಿ ಕಬ್ಬು ಕಡಿದು, ಕಳೆ ತೆಗೆದು ಬದುಕುವವರು. ನನ್ನ ಗಂಡ ದಶರಥ ಪಂಚಾಯಿತಿಯಲ್ಲಿ ನಳದ ನೀರು ಬಿಡುವ ಕೆಲಸ ಮಾಡುತ್ತಾನೆ. ನಮಗೆ ಹೋದದ್ದು ಹಿತ್ತಲ ಗೋಡೆ, ಒಂದಿಷ್ಟು ಪಾತ್ರೆ, ಕಾಳಿನ ಡಬ್ಬಿಗಳು. ಸಕ್ಕುಬಾಯಿಯದು ಕುರಿ ಕಾಯುವವರ ಓಣಿ. ಅವಳಿಗೂ ಅವಳ ಗಂಡ ಮಾಳಸಿದ್ದನಿಗೂ ಆಡು ಕುರಿಗಳ ಒಂದು ಹಿಂಡೇ ಇತ್ತು. ನದಿದಂಡೆಯ ಹಟ್ಟಿಯ ಜೊತೆಗೆ ಅಷ್ಟೂ ಕೊಚ್ಚಿಹೋಯಿತು. ಆಮೇಲೆ ಮಾಳಸಿದ್ದ ಕುಡಚಿ ಸ್ಟೇಶನ್ನಿನಲ್ಲಿ ಮೂಟೆ ಹೊರಲು ಹೋಗತೊಡಗಿದ. ಸಕ್ಕುಬಾಯಿ ನಮ್ಮ ಜೊತೆಗೇ ಜಿನ್ನಪ್ಪಣ್ಣನ ಹೊಲಕ್ಕೆ ಕೂಲಿಗೆ ಬರತೊಡಗಿದಳು. ಕಳೆ ತೆಗೆಯುವ ಕುರ್ಪಿ ಹಿಡಿಯುವುದಕ್ಕೂ ಬರುತ್ತಿರಲಿಲ್ಲ ಅವಳಿಗೆ. ಆದರೆ ಬುತ್ತಿ ಬಿಚ್ಚುವಾಗ ಮಾತ್ರ ನಮ್ಮಿಂದ ಒಂದು ಮಾರು ದೂರ ಹೋಗಿ, ಬದುವಿನ ಮೇಲೆ ಬೆನ್ನು ತಿರುಗಿಸಿ ಕೂರುವುದು ಚೆನ್ನಾಗಿ ಬರುತ್ತಿತ್ತು.

ಚಿಕ್ಕೋಡಿಯಿಂದ ಒಂದು ಸಂಸ್ಥೆಯವರು ಊರಿಗೆ ಬಂದದ್ದು ಆಗ. ಮುಂದೆ ನಿಂತು ನಡೆಸುವವಳು ಸಪನಾ ಮೇಡಂ, ನನ್ನ ಮಗಳ ವಯಸ್ಸಿನವಳು, ಸ್ಕೂಟಿಯ ಮೇಲೆ ಬರುತ್ತಿದ್ದಳು. ನೀರಿಗೆ ಸಿಕ್ಕು ಬರಿಗೈಯಾದ ಹೆಂಗಸರಿಗೆ ಒಂದೊಂದು ಹೆಣ್ಣು ಆಡು ಕೊಡುತ್ತೇವೆ ಎಂದಳು. ಬಿಟ್ಟಿ ಅಲ್ಲ, ಸಾಲವೂ ಅಲ್ಲ. ನಮ್ಮ ಕಡೆ ಆಡನ್ನು ಪಾಲಿಗೆ ಕೊಡುವುದು ಹಳೆಯ ಪದ್ಧತಿ. ಸಾಕುವವಳು ಒಬ್ಬಳು, ಮರಿ ಹುಟ್ಟಿದರೆ ಒಡೆಯನಿಗೆ ಅರ್ಧ. ಸಂಸ್ಥೆಯ ಲೆಕ್ಕದಲ್ಲಿ ಒಡೆಯನೇ ಇಲ್ಲ. ಆಡು ಹಾಕಿದ ಮೊದಲ ಹೆಣ್ಣುಮರಿಯನ್ನು ಹಾಲು ಬಿಡಿಸಿ, ಇನ್ನೊಬ್ಬ ಬಡ ಹೆಂಗಸಿಗೆ ನಮ್ಮ ಕೈಯಿಂದಲೇ ಕೊಡಬೇಕು. ಅವಳು ತನ್ನ ಆಡಿನ ಮೊದಲ ಮರಿಯನ್ನು ಮತ್ತೊಬ್ಬಳಿಗೆ ಕೊಡಬೇಕು.

"ಇವತ್ತ ತಗೊಳ್ಳಾಕೀನ ನಾಳೆ ಕೊಡಾಕಿ ಆಗಬೇಕು, ಅದ ನಮ್ಮ ಉದ್ದೇಶ ನೋಡ್ರಿ" ಎಂದಳು ಸಪನಾ.

ಆ ಮಾತು ನನಗೆ ಬಹಳ ಹಿಡಿಸಿತು. ಹುಟ್ಟಿದಾಗಿನಿಂದ ನಾನು ತೆಗೆದುಕೊಂಡದ್ದೇ ಆಯಿತು. ಕೂಲಿ, ಹಳೆ ಸೀರೆ, ಉಳಿದ ಸಾರು. ಯಾರಿಗಾದರೂ ಏನನ್ನಾದರೂ ಎಣಿಸಿಕೊಂಡು ಕೊಟ್ಟದ್ದು ನೆನಪಿಲ್ಲ.

ಇದ್ದ ಆಡು ಎಲ್ಲರಿಗೂ ಸಾಲದೆ ಚೀಟಿ ಎತ್ತಿದರು, ಸಕ್ಕುಬಾಯಿಯ ಹೆಸರು ಬರಲಿಲ್ಲ. ನನಗೆ ಬಂದ ಆಡು ಕರಿಯದು, ಹಣೆಯ ಮೇಲೆ ಬಿಳಿ ಚುಕ್ಕೆ. ಚಂದ್ರಿ ಎಂದು ಹೆಸರಿಟ್ಟೆ. ಮುಂದಿನ ವರ್ಷ ಅದು ಈಯಿತು, ಮೊದಲ ಮರಿಯೇ ಹೆಣ್ಣು. ಅದಕ್ಕೂ ಹಣೆಯ ಮೇಲೆ ಚುಕ್ಕೆ. ಮರಿ ಯಾರಿಗೆ ಕೊಡಬೇಕೆಂದು ಹೆಂಗಸರ ಸಭೆಯಲ್ಲಿ ಮಾತು ಬಂದಾಗ ಸಕ್ಕುಬಾಯಿಯ ಹೆಸರು ಹೇಳಿದ್ದು ನಾನೇ. ಎಲ್ಲರೂ ನನ್ನ ಮುಖ ನೋಡಿದರು. ಸಪನಾ ಮೇಡಂ ನನ್ನ ಕೈ ಹಿಡಿದುಕೊಂಡು, "ದೊಡ್ಡ ಮನಸು ನಿಮ್ಮದು ಕಾಕೂ" ಎಂದಳು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಬೆನ್ನು ತಿರುಗಿಸಿ ಬುತ್ತಿ ಉಣ್ಣುವವಳು ನನ್ನ ಬಾಗಿಲಿಗೆ ಬಂದು, ನನ್ನ ಕೈಯ ಕೆಳಗೆ ಕೈ ಹಿಡಿಯುವುದನ್ನು ಓಣಿಯೆಲ್ಲ ನೋಡಬೇಕಿತ್ತು.

ಆ ದಿನ ಅಂಗಳ ಸಾರಿಸಿದೆ. ಮರಿಗೆ ಅರಿಶಿನ ಹಚ್ಚಿ ಮೈ ತೊಳೆದೆ. ನನ್ನ ಹಸಿರು ಸೀರೆಯ ಕೆಂಪು ಅಂಚನ್ನು ಹರಿದು, ಮೂರೆಳೆ ಹೆಣೆದು ಕೊರಳಿಗೆ ಹಗ್ಗ ಮಾಡಿದೆ. ಒಲೆಯ ಮೇಲೆ ಹಾಲು ಹೆಚ್ಚಿಗೆ ಹಾಕಿ ಚಹಾ ಇಟ್ಟೆ. ಸಕ್ಕುಬಾಯಿ ಬಂದಳು. ಸಪನಾ ಫೋನಿನಲ್ಲಿ ಫೋಟೋ ತೆಗೆದಳು. ನಾನು ಹಗ್ಗದ ತುದಿಯನ್ನು ಸಕ್ಕುಬಾಯಿಯ ಅಂಗೈಯಲ್ಲಿ ಇಟ್ಟೆ. ಅವಳು ಒಂದು ಗಳಿಗೆ ಹಗ್ಗವನ್ನೇ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಏನೋ ಕೇಳುವವಳಂತಿದ್ದಳು, ಕೇಳಲಿಲ್ಲ. ಹಗ್ಗವನ್ನು ಮುಷ್ಟಿಯಲ್ಲಿ ಸುತ್ತಿಕೊಂಡಳು.

"ಕುಂದರು ಸಕ್ಕುಬಾಯಿ, ಚಾ ಕುಡದ ಹೋಗಂತಿ" ಎಂದೆ.

"ಇವತ್ತ ಒಪ್ಪತ್ತ ಐತಿ" ಎಂದಳು. ಮರಿಯನ್ನು ಎಳೆದುಕೊಂಡು ಹೊರಟೇಬಿಟ್ಟಳು.

ಒಪ್ಪತ್ತು ಇದ್ದವರು ಚಹಾ ಕುಡಿಯಬಾರದೆಂದು ಯಾವ ದೇವರು ಹೇಳಿದ್ದಾನೆ? ಶನಿವಾರ ಒಪ್ಪತ್ತು ಮಾಡುವ ಹೆಂಗಸರು ಹಗಲೆಲ್ಲ ಚಹಾದ ಮೇಲೆಯೇ ಇರುತ್ತಾರೆ, ನನಗೆ ಗೊತ್ತಿಲ್ಲವೇ. ಆ ಚಹಾವನ್ನು ಬಚ್ಚಲಿಗೆ ಸುರಿದೆ. ಕೊಟ್ಟವಳು ನಾನು, ಮುಖ ಸಣ್ಣದಾದದ್ದೂ ನನ್ನದೇ.

ಮರುದಿನ ಹೊಲದಲ್ಲಿ ಜಿನ್ನಪ್ಪಣ್ಣನ ಕಿವಿಗೆ ಈ ಸುದ್ದಿ ಬಿತ್ತು. ಮನೆತುಂಬ ಎಮ್ಮೆ ಎತ್ತು ಕಟ್ಟಿಕೊಂಡ ಮನುಷ್ಯ. ಮರಿ ಕೊಟ್ಟದ್ದಕ್ಕೆ ಭೇಷ್ ಅಂದವನು, ಹಗ್ಗದ ಮಾತು ಬಂದೊಡನೆ ಹಲ್ಲು ಕಡ್ಡಿ ಬಾಯಿಂದ ತೆಗೆದ.

"ಹಗ್ಗ ಸೈತ ಕೊಟ್ಟಿ? ಹುಚ್ಚಿ ಇದ್ದಿ ಏನ ನೀ? ದನ ಕೊಟ್ರೂ ಹಗ್ಗ ಕೊಡಬಾರದವಾ. ಹಗ್ಗ ಬಿಚ್ಚಿ ನಾವು ಇಟ್ಕೋಬೇಕು, ಒಯ್ಯಾವರು ತಮ್ಮ ಹಗ್ಗ ತರಬೇಕು. ಹಗ್ಗದ ಗುಂಟ ಮನಿ ಬರ್ಕತ್ತ ಹೋಗ್ತೈತಿ."

ನಮ್ಮ ಮನೆಯಲ್ಲಿ ಏಳು ತಲೆಮಾರಿಗೂ ಕಟ್ಟಲು ದನವಿರಲಿಲ್ಲ. ಹಗ್ಗದ ವಿಷಯ ನನಗೆ ಹೇಳಿಕೊಡುವವರು ಯಾರಿದ್ದರು? ಆದರೆ ಸಕ್ಕುಬಾಯಿ ಹಟ್ಟಿಯಲ್ಲಿ ಹುಟ್ಟಿದವಳು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮುಷ್ಟಿಯಲ್ಲಿ ಸುತ್ತಿಕೊಂಡು ಹೋದಳು. ಆ ಒಂದು ಗಳಿಗೆ ಅವಳು ಹಗ್ಗ ನೋಡಿದ್ದು ಯಾಕೆಂದು ಆಗ ತಿಳಿಯಿತು. ಎದೆಯಲ್ಲಿ ಕೆಂಡ ಇಟ್ಟಂತಾಯಿತು.

"ಹಗ್ಗದಾಗ ಏನ ಐತಿ" ಎಂದು ದಶರಥ ನಕ್ಕ. "ಬಾಬಾಸಾಹೇಬರ ಫೋಟೋ ಮನ್ಯಾಗ ಇಟ್ಕೊಂಡ ಇಂಥಾದ್ದೆಲ್ಲಾ ನಂಬತಿ?"

ನಂಬುವುದಿಲ್ಲ ಎಂದೆ. ಆದರೆ ಮುಂದೆ ಆದದ್ದನ್ನು ಕಣ್ಣಾರೆ ನೋಡಿದವಳು ನಾನು. ಚಂದ್ರಿ ಆ ವರ್ಷ ಗಬ್ಬವಾಗಲಿಲ್ಲ. ಹಾಲು ಬತ್ತಿತು, ಕೂದಲು ಒರಟಾಯಿತು. ಅತ್ತ ಸಕ್ಕುಬಾಯಿಯ ಮರಿ ನೋಡನೋಡುತ್ತ ಆಡಾಯಿತು, ಈಯಿತು, ಹಾಕಿದ್ದು ಎರಡು ಮರಿ, ಎರಡೂ ಹೆಣ್ಣು. ಮೊದಲು ಹುಟ್ಟಿದ್ದನ್ನು ಹಾಲು ಬಿಡಿಸಿ ಕುಡಚಿಯ ಒಬ್ಬ ಮುಸಲ್ಮಾನ ವಿಧವೆಗೆ ಕೊಟ್ಟಳು. ಮಾಳಸಿದ್ದ ಮೂಟೆ ಹೊರುವುದು ಬಿಟ್ಟು ಮನೆಗೆ ಬಂದ. ತಮ್ಮ ಗಳಿಕೆಯಲ್ಲೇ ಇನ್ನೂ ನಾಲ್ಕು ಆಡು ಕಟ್ಟಿದರು. ಸಪನಾಳ ಸ್ಕೂಟಿ ಈಗ ನಮ್ಮ ಓಣಿಯ ತಿರುವಿನಲ್ಲಿ ನಿಲ್ಲದೆ ನೇರ ಅವರ ಓಣಿಗೆ ಹೋಗುತ್ತಿತ್ತು.

ಒಂದು ದಿನ ಕಟ್ಟಿಗೆಯ ನೆಪ ಮಾಡಿ ಆ ಕಡೆ ಹೋಗಿ ಬೇಲಿಯ ಸಂದಿನಲ್ಲಿ ಇಣುಕಿದೆ. ಆಡು ಕಂಬಕ್ಕೆ ಕಟ್ಟಿತ್ತು, ಮೈಮೇಲೆ ಎಣ್ಣೆ ಸವರಿದ ಹಾಗೆ ಮಿಂಚು. ಕೊರಳಲ್ಲಿ ನನ್ನ ಸೀರೆಯ ಅಂಚು. ಎರಡು ವರ್ಷ ಕಳೆದಿದ್ದರೂ ಬಣ್ಣ ಮಾಸಿರಲಿಲ್ಲ. ಸಕ್ಕುಬಾಯಿ ಅದರ ಕಿವಿಯಲ್ಲಿ ಉಣ್ಣಿ ಹುಳ ಹೆಕ್ಕುತ್ತಿದ್ದಳು, ಅದು ಕಣ್ಣು ಮುಚ್ಚಿ ನಿಂತಿತ್ತು. ಚಂದ್ರಿ ನನ್ನ ಮುಂದೆ ಒಮ್ಮೆಯೂ ಹಾಗೆ ಕಣ್ಣು ಮುಚ್ಚಿ ನಿಂತಿರಲಿಲ್ಲ. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಈ ವರ್ಷ ಕಾರ್ತೀಕದ ಹೊತ್ತಿಗೆ ಪುಣೆಯಿಂದ ಸಂಸ್ಥೆಗೆ ದುಡ್ಡು ಕೊಡುವವರು ನೋಡಲು ಬರುತ್ತಾರೆ ಎಂದು ಸುದ್ದಿಯಾಯಿತು. ಅವರನ್ನು ಸಕ್ಕುಬಾಯಿಯ ಮನೆಗೆ ಕರೆದೊಯ್ಯುವುದಂತೆ. ನಾನು ಸಭೆಯಲ್ಲೇ ಎದ್ದು ನಿಂತೆ.

"ಮಗಳನ್ನ ನೋಡಾವರು ತಾಯೀನ್ನ ನೋಡೂದಿಲ್ಲೇನ್ರಿ? ಮೂಲ ಆಡ ನನ್ನ ಮನ್ಯಾಗ ಐತಿ" ಎಂದೆ.

ಸಪನಾ ಮೇಡಂ ತಡವರಿಸಿದಳು. "ಕಾಕೂ, ಚಂದ್ರಿ ಈಗ ಸ್ವಲ್ಪ ಸೊರಗೈತಲ್ಲ..."

"ಬರ್ರಿ ನೀವು. ಸೊರಗೈತೋ ಹೆಂಗ ಐತೋ ಬಂದ ನೋಡ್ರಿ."

ಮಾತು ಕೊಟ್ಟುಬಿಟ್ಟೆ. ಮನೆಗೆ ಬಂದು ಚಂದ್ರಿಯನ್ನು ನೋಡಿದರೆ ಹೊಟ್ಟೆ ಬೆನ್ನಿಗೆ ಹತ್ತಿದೆ. ಅತಿಥಿಗಳು ಬರುವ ಹಿಂದಿನ ದಿನ ಜಿನ್ನಪ್ಪಣ್ಣನ ಹೊಲದಲ್ಲಿ ಗೋವಿನಜೋಳದ ರಾಶಿ ನಡೆದಿತ್ತು. ಕೂಲಿಯ ಬದಲು ಒಂದು ಬುಟ್ಟಿ ಕಾಳು ಕೇಳಿ ತಂದೆ. ಸಂಜೆ ಚಂದ್ರಿಯ ಮುಂದೆ ಇಟ್ಟೆ. ಅದು ಆಸೆಯಿಂದ ತಿಂದಿತು. ನಾನು ಮುಂದೆ ಕೂತು ಮತ್ತೆ ಮತ್ತೆ ಸುರಿದೆ. ಬುಟ್ಟಿ ಬರಿದಾದ ಮೇಲೆ ಬಕೆಟ್ಟು ತುಂಬ ನೀರು ಕುಡಿಯಿತು. ಹೊಟ್ಟೆ ದುಂಡಗಾದದ್ದನ್ನು ಸವರಿ ನೋಡಿ, ಬರಲಿ ನಾಳೆ ಪುಣೆಯವರು ಎಂದುಕೊಂಡೆ.

ಬೆಳಿಗ್ಗೆ ಎದ್ದು ನೋಡಿದರೆ ಹೊಟ್ಟೆಯ ಎಡಬದಿ ಹಲಗೆಯ ಹಾಗೆ ಬಿಗಿದು ಉಬ್ಬಿತ್ತು. ಚಂದ್ರಿ ಹಲ್ಲು ಕಡಿಯುತ್ತ, ಕತ್ತು ಚಾಚಿ ನರಳುತ್ತಿತ್ತು. ದಶರಥ ದನದ ಡಾಕ್ಟರಿಗೆ ಫೋನು ಹಚ್ಚಿದ. ಅವರು ಲಸಿಕೆ ಹಾಕಲು ರಾಯಬಾಗದ ಕಡೆ ಹೋಗಿದ್ದರು, ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದರು.

"ಸಕ್ಕುಬಾಯೀನ್ನ ಕರೀತೇನಿ. ಆಕೀಗೆ ತಿಳೀತೈತಿ ಇದು" ಎಂದ ದಶರಥ.

"ಆಕೀನ್ನ ಕರೀಬ್ಯಾಡ್ರಿ."

"ಅಲ್ಲ, ಆಡ ಸಾಯಾಕತ್ತೈತಿ..."

"ಸಾಯೂದಿಲ್ಲ. ಆಕಿ ಬಂದ ಹೊಟ್ಟಿ ಹೆಂಗ ಉಬ್ಬಿತು ಅಂತ ಕೇಳ್ತಾಳ. ಕೇಳಿ ಒಳಗ ನಗ್ತಾಳ. ಇವತ್ತ ಆಕಿ ಮನೀಗೆ ಮಂದಿ ಬರ್ತಾರ, ಆಕೀಗೆ ಅಷ್ಟ ಸಾಕು."

ಅಡುಗೆ ಸೋಡಾ ಕಲಸಿ ಕುಡಿಸಿದೆ. ಓಮಿನ ಕಾಳು ಕುದಿಸಿ ಕುಡಿಸಿದೆ. ಅಂಗಳದಲ್ಲಿ ಎಳೆದು ಎಳೆದು ನಡೆಸಿದೆ. ಬಿಸಿಲೇರುವ ಹೊತ್ತಿಗೆ ಚಂದ್ರಿ ಮುಂಗಾಲು ಮಡಚಿ ಕುಸಿಯಿತು, ಏಳಲಿಲ್ಲ. ಬೇಲಿಯಾಚೆ ಎರಡು ಬಿಳಿ ಕಾರು ಕುರಿಗಾರರ ಓಣಿಯ ಕಡೆ ಹೋದವು. ನಾನು ಚಂದ್ರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಏಳ, ಏಳ, ನನ್ನ ಮರ್ಯಾದೆ ಕಳೀಬ್ಯಾಡ ಎನ್ನುತ್ತಿದ್ದೆ. ದಶರಥ ಯಾವಾಗ ಎದ್ದು ಹೋದನೋ ನೋಡಲಿಲ್ಲ.

ಸಕ್ಕುಬಾಯಿ ಓಡಿಕೊಂಡು ಬಂದಳು, ಕೈಯಲ್ಲಿ ಶೇಂಗಾ ಎಣ್ಣೆಯ ಬಾಟಲಿ. ಪುಣೆಯವರನ್ನು ಅಂಗಳದಲ್ಲಿ ಕೂರಿಸಿ ಬಂದಿದ್ದಳು. ಫೋಟೋಕ್ಕೆಂದು ಉಟ್ಟಿದ್ದ ಹೊಸ ಇಳಕಲ್ ಸೀರೆಯಲ್ಲೇ ನನ್ನ ಅಂಗಳದ ಹಿಕ್ಕೆಯಲ್ಲಿ ಕೂತಳು. ಆ ಹೊತ್ತಿನಲ್ಲೂ ನನ್ನ ಕಣ್ಣು ಆ ಸೀರೆಯ ಸೆರಗಿನ ಮೇಲೆ ಹೋಯಿತು. ನನ್ನ ಬಳಿ ಅಂಥದ್ದೊಂದಿಲ್ಲ.

ಅವಳು ಚಂದ್ರಿಯ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಬಾಯಿ ಬಿಡಿಸಿ ಮೂಸಿದಳು.

"ಏನ ತಿನಿಸಿದಿ?"

ನಾನು ಬರಿದಾದ ಬುಟ್ಟಿಯನ್ನು ಕಾಲಿನಿಂದ ಹಿಂದಕ್ಕೆ ಸರಿಸಿದೆ.

"ಗೋವಿನಜೋಳ. ಎಷ್ಟು?"

"ಒಂದ ಬುಟ್ಟಿ."

"ಆಡಿಗೆ ಒಂದ ಬುಟ್ಟಿ ಕಾಳ ತಿನಸ್ತಾರೇನಬೇ, ಖೋಡಿ?" ಕೈ ಮಾತ್ರ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಗಂಟಲಿಗೆ ಇಳಿಸುತ್ತಿತ್ತು, ಹೊಟ್ಟೆ ನೀವುತ್ತಿತ್ತು. "ಮುಂಜಾನೆ ಕರದಿದ್ರ..."

ಅಷ್ಟಕ್ಕೇ ಬಿಟ್ಟಳು. ಸಪನಾ ಮೇಡಂ ಪುಣೆಯವರನ್ನು ಕರೆದುಕೊಂಡು ಬಾಗಿಲಿಗೆ ಬಂದು ನಿಂತಿದ್ದಳು. ಅವರ ಪೈಕಿ ಒಬ್ಬರು ಫೋನು ಎತ್ತಿದರು, ಸಪನಾ ಅದನ್ನು ಕೆಳಗಿಳಿಸಿದಳು. ಎಲ್ಲರ ಎದುರಿಗೇ ಚಂದ್ರಿ ಕಾಲು ಒಮ್ಮೆ ಚಾಚಿತು, ಉಸಿರು ನಿಂತುಬಿಟ್ಟಿತು. ನಾನು ಸಾಕಿದ ಆಡು ಸಾಯುವಾಗಲೂ ಅವಳ ತೊಡೆಯ ಮೇಲೆ ಸತ್ತಿತು.

ಸಂಜೆ ದಶರಥ ಹಳ್ಳದ ದಂಡೆಗೆ ಒಯ್ದು ಹೂತು ಬಂದ. ನಾನು ಅಳಲಿಲ್ಲ. ಚಂದ್ರಿಯ ಗೂಟ ಕಿತ್ತು ಒಲೆಗೆ ಹಾಕಿದೆ. ನನ್ನ ಮನೆಯ ಆಡಿನಿಂದ ಶುರುವಾದದ್ದು ಈಗ ಎರಡು ಮನೆಗಳಲ್ಲಿತ್ತು, ನನ್ನ ಮನೆಯಲ್ಲಿ ಇರಲಿಲ್ಲ. ಹೊಲದಲ್ಲಿ ಹೆಂಗಸರು ಸಮಾಧಾನ ಹೇಳಲು ಬಂದರೆ ಕುರ್ಪಿ ತೋರಿಸಿದೆ.

ಅದಾದ ಮೇಲಿನ ಶನಿವಾರ ಪಾತ್ರೆ ತಿಕ್ಕುತ್ತ ಕೂತಿದ್ದೆ. ಬಾಗಿಲಲ್ಲಿ ಮರಿಯ ದನಿ ಕೇಳಿತು. ಸಕ್ಕುಬಾಯಿ ನಿಂತಿದ್ದಳು. ಕೈಯಲ್ಲಿ ಕರಿಯ ಹೆಣ್ಣುಮರಿ, ಚಂದ್ರಿಯ ಮೊಮ್ಮಗಳು, ಅವಳ ಆಡಿಗೆ ಹುಟ್ಟಿದ ಎರಡರಲ್ಲಿ ಉಳಿದದ್ದು. ಹಣೆಯ ಮೇಲೆ ಅದೇ ಚುಕ್ಕೆ. ಕೊರಳಲ್ಲಿ ನನ್ನ ಕೆಂಪು ಹಗ್ಗ.

"ತಗೋ" ಎಂದಳು.

"ಸಪನಾ ಮೇಡಂ ಕಳಿಸ್ಯಾಳೇನು?"

"ಆಕೀದೇನ ಸಂಬಂಧ? ಸಂಸ್ಥೆಗೆ ಕೊಡೂದು ಕೊಟ್ಟ ಮುಗಿಸೇನಿ. ಇದು ನನ್ನ ಮರಿ."

"ನಿನ್ನ ದಾನ ನನಗ ಬ್ಯಾಡ. ಒಯ್ಯಿ."

ಅವಳು ಹೋಗಲಿಲ್ಲ. ನಾನು ಬೂದಿಗೈಯಲ್ಲೇ ಎದ್ದು ನಿಂತೆ. ಎರಡು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡದ್ದು ಹೊರಗೆ ಬಂತು.

"ನಾ ಮರಿ ಕೊಟ್ಟ ದಿನ ನನ್ನ ಮನ್ಯಾಗ ಒಂದ ಬಟ್ಟಲ ಚಾ ಕುಡೀಲಿಲ್ಲ ನೀನು. ಒಪ್ಪತ್ತ ಅಂದಿ. ನನ್ನ ಆಡ ಆಗ್ತೈತಿ, ನನ್ನ ಹಗ್ಗ ಆಗ್ತೈತಿ, ನನ್ನ ಚಾ ಆಗೂದಿಲ್ಲ. ಈಗ ಯಾವ ಬಾಯಿಲೆ ನಾ ಇದನ್ನ ತಗೊಳ್ಳಲಿ?"

ಸಕ್ಕುಬಾಯಿ ಮರಿಯನ್ನು ಕೆಳಗಿಳಿಸಿದಳು. ಹೊಸ್ತಿಲು ದಾಟಿ ಒಳಗೆ ಬಂದಳು. ಒಲೆಯ ಮುಂದೆ ಮಣೆ ಎಳೆದುಕೊಂಡು ಕೂತಳು.

"ಚಾ ಇಡು" ಎಂದಳು.

"ಇವತ್ತ ಶನಿವಾರ. ಒಪ್ಪತ್ತ ಐತೆಲ್ಲ ನಿಂದು."

"ಐತಿ. ಇಡು. ಸಕ್ಕರಿ ಜಾಸ್ತಿ ಹಾಕು."

ಇಟ್ಟೆ. ಅವಳು ಬಟ್ಟಲು ಹಿಡಿದು ಊದಿ ಊದಿ ಕುಡಿದಳು. ಅರ್ಧ ಮುಗಿದ ಮೇಲೆ ಒಲೆಯ ಕಡೆ ನೋಡುತ್ತಲೇ ಮಾತಾಡಿದಳು.

"ಆವತ್ತ ಅತ್ತಿ ಜೀವಂತ ಇದ್ದಳ. ನಿಮ್ಮ ಓಣ್ಯಾಗ ನೀರ ಮುಟ್ಟಿದ್ರ ಮನೀ ಒಳಗ ಬರಾಕ ಬಿಡತಿದ್ದಿಲ್ಲ. ಅದೂ ಖರೆ. ಆದ್ರ ಅಷ್ಟ ಅಲ್ಲ, ಸುಗಂಧಾ. ನಮ್ಮ ಹಟ್ಟಿ ತುಂಬ ಆಡ ಇದ್ದವು. ಬಂದ ಬಂದಾವರಿಗೆ ಹಾಲ ಹಾಕಿದ ಕೈ ನಂದು. ಆ ಕೈಯಾಗ, ಒಂದಿನಾನೂ ಆಡ ಕಟ್ಟದ ನೀ ಮರಿ ಇಟ್ಟಿ. ನಕ್ಕೊಂತ ಇಟ್ಟಿ. ಮೈಯೆಲ್ಲಾ ಉರೀತು ನನಗ. ಅತ್ತಿ ಇರದಿದ್ರೂ ಆವತ್ತ ನಿನ್ನ ಚಾ ನನ್ನ ಗಂಟಲದಾಗ ಇಳೀತಿರಲಿಲ್ಲ."

ನಾನು ಅವಳನ್ನೇ ನೋಡಿದೆ. ಬೇಲಿಯ ಸಂದಿನಲ್ಲಿ ಇಣುಕಿದ ನನ್ನದೇ ಮುಖ ಅಲ್ಲಿ ಕೂತು ಚಹಾ ಕುಡಿಯುತ್ತಿತ್ತು.

"ಹಗ್ಗದ ಸಂಗತಿ ನಿನಗ ಗೊತ್ತಿತ್ತು" ಎಂದೆ.

"ಗೊತ್ತಿತ್ತು. ನಿನಗ ಗೊತ್ತಿಲ್ಲ ಅನ್ನೂದೂ ಗೊತ್ತಿತ್ತು. ಹೇಳಲಿಲ್ಲ. ಉರೀತಿದ್ನೆಲ್ಲ, ಹೆಂಗ ಹೇಳಲಿ?"

ಅವಳು ಬಟ್ಟಲನ್ನು ತಾನೇ ತೊಳೆದು ಬೋರಲು ಹಾಕಿದಳು. ಅಂಗಳಕ್ಕೆ ಬಂದು ಮರಿಯನ್ನು ಎತ್ತಿ ನನ್ನ ಮುಂದೆ ಹಿಡಿದಳು. ನಾನು ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವಳ ಕೈಯ ಕೆಳಗೆ ಎರಡೂ ಕೈ ಚಾಚಿದೆ. ಓಣಿಯಲ್ಲಿ ಮಂದಿ ನೋಡುತ್ತಿದ್ದರು. ಮರಿ ನನ್ನ ಎದೆಗೆ ಬಂತು, ಬೆಚ್ಚಗಿತ್ತು. ಅಷ್ಟರಲ್ಲಿ ಸಕ್ಕುಬಾಯಿ ಅದರ ಕೊರಳ ಗಂಟಿಗೆ ಕೈ ಹಾಕಿ, ಕೆಂಪು ಹಗ್ಗವನ್ನು ಬಿಚ್ಚಿಕೊಂಡುಬಿಟ್ಟಳು.

"ಏ, ಅದು ನನ್ನ ಸೀರಿ ಅಂಚು" ಎಂದೆ.

"ಆಗ ನಿಂದು. ನೀ ಕೊಟ್ಟಿ, ನಂದಾತು. ಮರಿ ಕೊಡ್ತೇನಿ, ಹಗ್ಗ ಕೊಡಂಗಿಲ್ಲ." ಹಗ್ಗವನ್ನು ಮುಷ್ಟಿಗೆ ಸುತ್ತಿಕೊಂಡು, ಅಂದು ಹೋದ ಹಾಗೆಯೇ, ತಿರುಗಿಯೂ ನೋಡದೆ ಹೊರಟಳು.

ನಾನು ಬಾಗಿಲಲ್ಲಿ ಮರಿ ಅಪ್ಪಿಕೊಂಡು ನಿಂತೆ. ಕಟ್ಟಲು ಮನೆಯಲ್ಲಿ ಹಗ್ಗವಿಲ್ಲ, ಗೂಟವೂ ಇಲ್ಲ. ದಶರಥ ಬಂದ ಮೇಲೆ ಗೂಟ ಹೊಡೆಸಬೇಕು, ಇನ್ನೊಂದು ಸೀರೆಯ ಅಂಚು ಹರಿಯಬೇಕು. ಮುಂದೆ ಇದು ಹೆಣ್ಣುಮರಿ ಹಾಕಿದರೆ ಅದನ್ನೂ ಯಾರಿಗಾದರೂ ಕೊಡುತ್ತೇನೆ, ಸಂಸ್ಥೆ ಕೇಳದಿದ್ದರೂ ಕೊಡುತ್ತೇನೆ. ಹಗ್ಗ ಮಾತ್ರ ಕೊಡುವುದಿಲ್ಲ.

ಮರಿ ಸಕ್ಕುಬಾಯಿ ಹೋದ ದಾರಿಯನ್ನೇ ನೋಡಿ ಕೂಗುತ್ತಿತ್ತು. ನಾನು ಅದರ ಮುಖ ಹಿಡಿದು ನನ್ನ ಕಡೆಗೆ ತಿರುಗಿಸಿದೆ.